ಕೊನೇ ಇಪ್ಪತ್ತು ಎಂದು ಕೂಗುವವಳು

ಈ ವರ್ಷದ ಆಯ್ಕೆ ಸ್ಪರ್ಧೆಗೆ ಮುಂಚಿನ ವಾರ, ಬೆಳಗಿನ ಐದೂಕಾಲು. ಕೆರೆಯ ಮೇಲೆ ಬೆಳಕು ಇನ್ನೂ ಸರಿಯಾಗಿ ಬಿದ್ದಿಲ್ಲ. ದೋಣಿಮನೆಯ ಕಬ್ಬಿಣದ ಬಾಗಿಲು ಕಿರ್ರೆಂದು ತೆರೆದುಕೊಳ್ಳುತ್ತದೆ. ಎತ್ತರದ ನಾಲ್ವರು ಹುಡುಗಿಯರು ಹದಿಮೂರು ಮೀಟರ್ ಉದ್ದದ ದೋಣಿಯನ್ನು ತಲೆಕೆಳಗು ಮಾಡಿ ಹೆಗಲ ಮೇಲೆ ಹೊತ್ತು ಹೊರಗೆ ಬರುತ್ತಾರೆ. ಅವರ ಪಕ್ಕದಲ್ಲಿ, ಅವರ ಭುಜದ ಮಟ್ಟಕ್ಕೂ ಬಾರದ ಐದನೆಯವಳು ಕಂಕುಳಲ್ಲಿ ಪುಟ್ಟ ಮರಳಿನ ಚೀಲ ಅವುಚಿಕೊಂಡು ಹಿಮ್ಮುಖವಾಗಿ ನಡೆಯುತ್ತಾಳೆ. ದೋಣಿ ಹೊತ್ತವರಿಗೆ ನೆಲ ಕಾಣುವುದಿಲ್ಲ.

"ಎಡಕ್ಕೆ ಬನ್ನಿ. ಇನ್ನೂ ಸ್ವಲ್ಪ. ಮೂರು ಮೆಟ್ಲು ಇದೆ, ಎರಡನೇದು ಒದ್ದೆ, ಜೋಪಾನ."

ಐದು ನಿಮಿಷದಲ್ಲಿ ದೋಣಿ ನೀರಿನ ಮೇಲಿದೆ. ನಾಲ್ವರು ತಲಾ ಒಂದೊಂದು ಹುಟ್ಟು ಹಿಡಿದು ಸಾಲಾಗಿ ಕೂತಿದ್ದಾರೆ. ಈ ದೋಣಿಯ ವಿಚಿತ್ರವೆಂದರೆ ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ಮುಂದೆ ಏನಿದೆ ಎಂದು ನೋಡುವವಳು ಒಬ್ಬಳೇ, ಹಿಂತುದಿಯ ಅಂಗೈಯಗಲದ ಸೀಟಿನಲ್ಲಿ ಮಂಡಿ ಮಡಿಚಿ ಕೂತ ಈ ಐದನೆಯವಳು. ಇವಳ ಕೈಯಲ್ಲಿ ಚುಕ್ಕಾಣಿಯ ದಾರ, ಕಾಲ ಬುಡದಲ್ಲಿ ಮರಳಿನ ಚೀಲ, ಮಿಕ್ಕಿದ್ದೆಲ್ಲ ಗಂಟಲು. ಮೈಕು ರಿಪೇರಿಗೆಂದು ಹೋಗಿ ಎರಡು ವರ್ಷವಾಯಿತು, ಇನ್ನೂ ಬಂದಿಲ್ಲ. ಇವಳ ಗಂಟಲಿರುವಾಗ ಅದು ಬರುವ ಅಗತ್ಯವೂ ಯಾರಿಗೂ ಕಂಡಂತಿಲ್ಲ. ದೋಣಿಮನೆಯಲ್ಲಿ ಎಲ್ಲರೂ ಇವಳನ್ನು ಪೀಪಿ ಎಂದೇ ಕರೆಯುತ್ತಾರೆ.

ಎರಡು ಸಾವಿರ ಮೀಟರಿನ ಓಟ ಮುಗಿಯುತ್ತ ಬಂದಾಗ ಪೀಪಿ ಕೂಗುತ್ತಾಳೆ: "ಕೊನೇ ಇಪ್ಪತ್ತು!" ಇನ್ನು ಇಪ್ಪತ್ತು ಎಳೆತ, ಮೈಯಲ್ಲಿ ಉಳಿದದ್ದನ್ನೆಲ್ಲ ಸುರಿದುಬಿಡಿ ಎಂದು ಅದರ ಅರ್ಥ. ಮೂವರು ಸುರಿಯುತ್ತಾರೆ. ಎರಡನೇ ಸೀಟಿನವಳು ಮಾತ್ರ, ಅರೆಗಳಿಗೆಯಷ್ಟೇ, ಕತ್ತು ಹೊರಳಿಸಿ ಹಿಂದೆ ನೋಡುತ್ತಾಳೆ. ದೋಣಿ ಎಡಕ್ಕೆ ಕೂದಲೆಳೆಯಷ್ಟು ವಾಲಿ ಮತ್ತೆ ಸರಿಹೋಗುತ್ತದೆ. ದಡದಲ್ಲಿ ನಿಂತವರಿಗೆ ಅದು ಕಾಣುವುದೇ ಇಲ್ಲ.

"ನಂಗೆ ನೋಡೋದೇ ಬೇಡ," ಎನ್ನುತ್ತಾಳೆ ಪೀಪಿ. "ಸೀಟಿನ ಕೆಳಗೇ ಗೊತ್ತಾಗುತ್ತೆ. ದಿನಾ ತಿರುಗ್ತಾಳೆ. ತಪ್ಪು ಅವಳದ್ದಲ್ಲ."

ತಪ್ಪು ಯಾರದ್ದು ಎಂದು ಹೇಳುವ ಮುಂಚೆ ಪೀಪಿ ಯಾರೆಂದು ಹೇಳಬೇಕು. ವಯಸ್ಸು ಹತ್ತೊಂಬತ್ತು. ಅಪ್ಪ ಬಸ್ ಕಂಡಕ್ಟರ್, ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಎರಡು ಕೋಣೆಯ ಮನೆ; ಒಂದರಲ್ಲಿ ಹೊಲಿಗೆ ಮೆಷಿನ್ನಿನ ಸಂಸಾರ, ಇನ್ನೊಂದರಲ್ಲಿ ಇವರದ್ದು. ಪೀಪಿ ಏಳುವುದು ನಾಲ್ಕೂಕಾಲಿಗೆ. ದೋಣಿಮನೆಗೆ ಮೂರು ಕಿಲೋಮೀಟರ್ ಸೈಕಲ್ಲು. ಏಳೂವರೆಗೆ ಅಭ್ಯಾಸ ಮುಗಿದರೆ ಒಂಬತ್ತಕ್ಕೆ ಬೈಂಡಿಂಗ್ ಅಂಗಡಿ. ಅಲ್ಲಿ ಅಚ್ಚಾದ ಹಾಳೆಗಳನ್ನು ಮಡಚುವುದು, ಎಣಿಸುವುದು, ಹೊಲಿಯುವುದು, ಬೆನ್ನಿಗೆ ಬಟ್ಟೆ ಅಂಟಿಸುವುದು. ದಿನಕ್ಕೆ ನೂರಾ ಹತ್ತು ಪುಸ್ತಕ ಇವಳ ಕೈ ದಾಟುತ್ತವೆ. ಸಂಜೆ ಆರಕ್ಕೆ ಅಂಗಡಿ ಬಿಟ್ಟು, ಒಂಬತ್ತಕ್ಕೆಲ್ಲ ಮಲಗಿಬಿಡುತ್ತಾಳೆ. ವಾರಕ್ಕೆ ಆರು ದಿನ ಹೀಗೆ. ಸಿನಿಮಾ ನೋಡಿ ಎಷ್ಟು ದಿನವಾಯಿತು ಎಂದು ಕೇಳಿದರೆ ಬೆರಳು ಮಡಚಿ ಎಣಿಸಲು ಹೊರಟು, ಅರ್ಧಕ್ಕೇ ಕೈಬಿಡುತ್ತಾಳೆ.

ಈ ಆಟಕ್ಕೆ ಇವಳು ಬಂದದ್ದು ಆಟ ಆಡಲು ಅಲ್ಲ. ನಾಲ್ಕು ವರ್ಷದ ಹಿಂದೆ ಶಾಲೆಯಿಂದ ಹತ್ತು ಮಕ್ಕಳನ್ನು ಆಯ್ಕೆಗೆ ಕರೆತಂದಿದ್ದರು. ಎತ್ತರ ಅಳೆದ ಮೇಷ್ಟ್ರು, ಎಂದರೆ ತರಬೇತುದಾರರು, ಇವಳನ್ನು ಮೊದಲ ಸುತ್ತಿನಲ್ಲೇ ಮನೆಗೆ ಕಳಿಸಿದರು. ಹೊರಗೆ ಹೋದವಳು ಗೆಳತಿಯನ್ನು ಕರೆಯಲು ಬಾಗಿಲಲ್ಲಿ ನಿಂತು ಒಂದೇ ಒಂದು ಕೂಗು ಹಾಕಿದಳು. ಕೆರೆಯ ನಡುವೆ ಅಭ್ಯಾಸ ಮಾಡುತ್ತಿದ್ದ ದೋಣಿಯೊಂದು ತಮ್ಮನ್ನೇ ಕರೆದರೆಂದು ಗಕ್ಕನೆ ನಿಂತುಹೋಯಿತಂತೆ. ಮೇಷ್ಟ್ರು ಎದ್ದು ಬಂದು, "ಯಾರಮ್ಮ ಅದು ಕೂಗಿದ್ದು?" ಎಂದು ಕೇಳಿದರು. ಬೈಗುಳ ತಪ್ಪಿದ್ದಲ್ಲ ಎಂದು ಇವಳು ಗೆಳತಿಯ ಕಡೆಗೆ ಬೆರಳು ತೋರಿಸಿದಳು; ಗೆಳತಿ ಇವಳನ್ನೇ ಮುಂದಕ್ಕೆ ತಳ್ಳಿದಳು. ಆಗಿನಿಂದಲೂ ಇವಳಿಗೆ ಬೆರಳು ತೋರಿಸುವ ಆ ಚಾಳಿ ಒಂಚೂರು ಇತ್ತು ಎಂದು ಮೇಷ್ಟ್ರು ಈಗ ನಗುತ್ತ ನೆನೆಯುತ್ತಾರೆ.

ಹೀಗೆ ಸಿಕ್ಕಿತು ಚುಕ್ಕಾಣಿಯ ಸೀಟು. ನೆಂಟರಿಷ್ಟರಿಗೆ ಇದನ್ನು ವಿವರಿಸುವುದು ಸ್ಪರ್ಧೆ ಗೆಲ್ಲುವುದಕ್ಕಿಂತ ಕಷ್ಟ. "ಹುಟ್ಟು ಹಾಕಲ್ಲ ಅಂದ್ಮೇಲೆ ನೀನು ಅಲ್ಲಿ ಏನೇ ಮಾಡ್ತೀಯಾ? ಸುಮ್ನೆ ಕೂತಿರ್ತೀಯಾ?" ಎಂದು ದೊಡ್ಡಮ್ಮ ಕೇಳಿದಾಗ ಪೀಪಿ, "ಕೂತ್ಕೊಂಡು ಕೂಗ್ತೀನಿ ದೊಡ್ಡಮ್ಮ," ಎಂದಳು. ಪಕ್ಕದಲ್ಲಿದ್ದ ಅಪ್ಪ ಬಿಡಲಿಲ್ಲ. "ನಂದೂ ಅದೇ ಕೆಲಸ ಅಲ್ವೇನಮ್ಮ? ನಾನು ನಿಂತ್ಕೊಂಡು ಕೂಗ್ತೀನಿ, ಅಷ್ಟೇ ವ್ಯತ್ಯಾಸ."

ಪತ್ರಿಕೆಯಲ್ಲಿ ಫೋಟೊ ಬಂದರೂ ಇವಳದ್ದು ಅಷ್ಟಕ್ಕಷ್ಟೇ. ಎರಡು ವರ್ಷದ ಹಿಂದೆ ತಂಡ ಗೆದ್ದಾಗ ಬಂದ ಚಿತ್ರದಲ್ಲಿ ನಾಲ್ವರು ಹಲ್ಲು ಕಿರಿದಿದ್ದಾರೆ, ಬಲತುದಿಯಲ್ಲಿ ಒಂದು ನೀಲಿ ಟೋಪಿಯ ಅರ್ಧ ಕಾಣುತ್ತದೆ. ಆ ಟೋಪಿಯ ಕೆಳಗೆ ಇದ್ದವಳು ಪೀಪಿ. ಅಮ್ಮ ಅದನ್ನೇ ಕತ್ತರಿಸಿ ಹೊಲಿಗೆ ಮೆಷಿನ್ನಿನ ಮೇಲೆ ಅಂಟಿಸಿದ್ದಾರೆ.

ಮರಳಿನ ಚೀಲದ್ದೂ ಒಂದು ಕತೆಯಿದೆ. ನಿಯಮದ ಪ್ರಕಾರ ಈ ಸೀಟಿನವರು ಐವತ್ತೈದು ಕೆ.ಜಿ. ತೂಗಬೇಕು. ಕಡಿಮೆ ಇದ್ದರೆ ಅಷ್ಟು ಮರಳನ್ನು ಜತೆಗೆ ಹೊರಬೇಕು. ಸ್ಪರ್ಧೆಯ ದಿನ ಅದನ್ನೂ ತೂಗುತ್ತಾರೆ. ಪೀಪಿ ಬಂದಾಗ ನಲವತ್ತಾರು ಇದ್ದಳು, ಚೀಲ ಒಂಬತ್ತು. ಈಗ ಐವತ್ತೆರಡೂವರೆ. ಪುಸ್ತಕದ ಬೆನ್ನಿಗೆ ಅಂಟಿಸುವ ದಪ್ಪ ಬಟ್ಟೆಯಲ್ಲಿ ಅಂಗಡಿಯಲ್ಲೇ ಹೊಲಿದ ಈ ಚೀಲದಿಂದ ಆಗಾಗ ಒಂದೊಂದು ಹಿಡಿ ಮರಳು ತೆಗೆದು ದೋಣಿಮನೆಯ ಹೂಕುಂಡಕ್ಕೆ ಹಾಕುತ್ತಾಳೆ. ಮಗಳು ದಪ್ಪಗಾಗಿಲ್ಲ ಎಂದು ಅಮ್ಮನ ಗೊಣಗಾಟ ಮಾತ್ರ ನಿಂತಿಲ್ಲ. ಕುಂಡ ತುಂಬುತ್ತ ಬಂದಿರುವುದನ್ನು ಅವರು ನೋಡಿಲ್ಲ.

ಇನ್ನು ಆ ತಪ್ಪಿನ ವಿಷಯ.

ಹೋದ ವರ್ಷದ ಆಯ್ಕೆ ಸ್ಪರ್ಧೆ. ಮೊದಲ ಮೂರು ದೋಣಿಗಳು ದೊಡ್ಡ ಪಂದ್ಯಕ್ಕೆ ಹೋಗುತ್ತವೆ. ಚುಕ್ಕಾಣಿ ಹಿಡಿಯುವವರು ಹಿಂದಿನ ದಿನವೇ ದಡದುದ್ದಕ್ಕೂ ನಡೆದು, ಎಲ್ಲಿ ಯಾವ ಮರ, ಎಲ್ಲಿ ಯಾವ ಕಂಬ ಎಂದು ಗುರುತು ಹಾಕಿಕೊಳ್ಳುವುದು ರೂಢಿ. ನೀರಿನ ಮೇಲೆ ದೂರ ಅಳೆಯಲು ಅದೊಂದೇ ದಾರಿ. ಪೀಪಿ ಆ ಸಂಜೆ ಹೊಸ ಜೆರ್ಸಿ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದಳು. "ನಡೆದ್ಯೇನಮ್ಮ?" ಎಂದು ಮೇಷ್ಟ್ರು ಕೇಳಿದಾಗ "ಹೂಂ ಸರ್" ಎಂದಳು. ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ಮಾರನೆಯ ದಿನದವರೆಗೂ ಅವಳಿಗೇ ಅದು ನೆನಪಿರಲಿಲ್ಲ.

ದಡದಲ್ಲಿ ಎರಡು ಬಿಳಿ ಡೇರೆಗಳಿದ್ದವು. ಗೆರೆಯ ಬಳಿಯದ್ದು ತೀರ್ಪುಗಾರರದ್ದು, ಅದಕ್ಕೆ ನೂರು ಮೀಟರ್ ಮುಂಚೆ ಬರುವುದು ಪ್ರಥಮ ಚಿಕಿತ್ಸೆಯದ್ದು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಪೀಪಿ ಮೊದಲು ಕಂಡ ಡೇರೆಯನ್ನೇ ಕೊನೆಯ ಗೆರೆ ಎಂದುಕೊಂಡು, "ಕೊನೇ ಇಪ್ಪತ್ತು!" ಎಂದು ಕೂಗಿದಳು. ಆಗ ಅವರ ದೋಣಿ ಎರಡನೆಯ ಸ್ಥಾನದಲ್ಲಿತ್ತು. ನಾಲ್ವರೂ ಇದ್ದಬದ್ದ ಶಕ್ತಿಯನ್ನೆಲ್ಲ ಸುರಿದರು. ಹದಿನಾರನೆಯ ಎಳೆತಕ್ಕೆ ಎರಡನೇ ಸೀಟಿನವಳ ಕೈ ಸೋತು, ಹುಟ್ಟಿನ ಅಲಗು ನೀರಿನೊಳಗೆ ಸಿಕ್ಕಿ ಮೇಲೇಳಲಿಲ್ಲ. ದೋಣಿ ಜರ್ರೆಂದು ನಿಧಾನವಾಯಿತು. ಇಪ್ಪತ್ತು ಮುಗಿದಾಗ ಗೆರೆ ಇನ್ನೂ ದೂರದಲ್ಲೇ ಇತ್ತು. ಉಳಿದದ್ದನ್ನು ಹೇಗೋ ಎಳೆದರು. ನಾಲ್ಕನೆಯ ಸ್ಥಾನ, ಮೂರನೆಯವರಿಗಿಂತ ಮೊಳದಷ್ಟು ಹಿಂದೆ.

"ಲೆಕ್ಕ ಯಾಕೆ ತಪ್ತು?" ಎಂದು ದಡದಲ್ಲಿ ಮೇಷ್ಟ್ರು ಕೇಳಿದರು. ಪೀಪಿ ಮರಳಿನ ಚೀಲ ಎತ್ತಿಕೊಂಡಳು. "ಲೆಕ್ಕ ಸರಿ ಇತ್ತು ಸರ್. ಹುಟ್ಟು ಸಿಕ್ಕಿ ದೋಣಿ ನಿಂತೋಯ್ತು, ಅದಕ್ಕೇ ಜಾಸ್ತಿ ಬೇಕಾಯ್ತು."

ಇದು ಪೂರ್ತಿ ಸುಳ್ಳೂ ಅಲ್ಲ ಎಂಬುದೇ ಇದರ ಕೆಟ್ಟತನ. ಹುಟ್ಟು ಸಿಕ್ಕಿದ್ದು ನಿಜ. ಆದರೆ ಅದು ಸಿಗುವ ಮುಂಚೆಯೇ ಲೆಕ್ಕ ಹಾಳಾಗಿತ್ತು, ಮತ್ತು ಅದು ಗೊತ್ತಿದ್ದವಳು ಮುಂದೆ ನೋಡುತ್ತಿದ್ದ ಒಬ್ಬಳೇ. ಮೂವರು ಎರಡನೇ ಸೀಟಿನವಳ ಮುಖ ನೋಡಿದರು. ಅವಳು ತನ್ನ ಅಂಗೈ ನೋಡಿಕೊಂಡಳು.

ಎರಡನೇ ಸೀಟಿನವಳು ನರ್ಸಿಂಗ್ ಓದುತ್ತಿರುವ ಹುಡುಗಿ. ಮಾತು ಕಡಿಮೆ. ಸೋತ ಮಾರನೆಯ ದಿನದಿಂದ ಎಲ್ಲರೂ ಮನೆಗೆ ಹೋದ ಮೇಲೆ ದೋಣಿಮನೆಯೊಳಗಿನ ಮೆಷಿನ್ನಿನ ಮೇಲೆ ಕೂತು, ಕೂತಲ್ಲೇ ಹುಟ್ಟು ಎಳೆಯುವ ಹಾಗಿರುವ ಅದರ ಹಿಡಿಕೆಯನ್ನು ದಿನಕ್ಕೆ ಐನೂರು ಸಲ ಎಳೆಯತೊಡಗಿದಳು. ಮೂರನೆಯ ದಿನ ಅಂಗೈ ಬೊಬ್ಬೆಗಳು ಒಡೆದವು. ಐದನೆಯ ದಿನ ಹಿಡಿಕೆಗೆ ಸುತ್ತಿದ ಬಟ್ಟೆಯಲ್ಲಿ ರಕ್ತದ ಕಲೆ. "ನನ್ನಿಂದ ಎಲ್ಲರ ವರ್ಷ ಹಾಳಾಯ್ತು," ಎಂದು ಅವಳು ಪೀಪಿಯ ಹತ್ತಿರವೇ ಹೇಳಿಕೊಂಡಳು. ಪೀಪಿ ಅವಳ ಕೈಗೆ ಮುಲಾಮು ಹಚ್ಚಿದಳು, ಬಾಯಿ ಬಿಡಲಿಲ್ಲ.

"ಆ ಮುಲಾಮು ಹಚ್ಚಿದ್ದು ನೆನಪಾದ್ರೆ ಈಗ್ಲೂ ಮೈ ಉರಿಯುತ್ತೆ," ಎನ್ನುತ್ತಾಳೆ. "ಎಷ್ಟು ಒಳ್ಳೆಯವಳ ಥರ ಹಚ್ತಾ ಇದ್ದೆ!"

ಎಂಟನೆಯ ದಿನ ಅಂಗಡಿಯಿಂದ ಬರುವಾಗ ಅಪ್ಪನದೇ ಬಸ್ಸು ಸಿಕ್ಕಿತು. ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿಯಾದ ಮೇಲೆ, ಟಿಕೆಟ್ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅಪ್ಪನಿಗೆ ಎಲ್ಲವನ್ನೂ ಹೇಳಿ ಅತ್ತುಬಿಟ್ಟಳು. ಅಪ್ಪ ಬೈಯಲಿಲ್ಲ. ತಮ್ಮದೊಂದು ಹಳೆಯ ಕತೆ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ತೂಕಡಿಕೆಯಲ್ಲಿ ಒಂದು ಸ್ಟಾಪು ಮುಂಚೆಯೇ ಆಸ್ಪತ್ರೆ, ಆಸ್ಪತ್ರೆ ಎಂದು ಕೂಗಿದ್ದರು. ಕಣ್ಣು ಕಾಣದ ಅಜ್ಜಿಯೊಬ್ಬರು ಇಳಿದುಹೋದರು. ಬಸ್ಸು ಹೊರಟಾಯಿತು, ಡ್ರೈವರ್ ಆಗಲೇ ತಡವೆಂದು ಸಿಡಿಮಿಡಿ ಎನ್ನುತ್ತಿದ್ದಾನೆ.

"ಆಮೇಲೆ?"

"ಆಮೇಲೇನು, ಹೋಲ್ಡಾನ್ ಅಂದೆ. ನಾನೇ ತಪ್ಪು ಕೂಗ್ಬಿಟ್ಟೆ ಅಂತ ಬಸ್ಸಿಗೆಲ್ಲ ಕೇಳೋ ಹಾಗೆ ಹೇಳ್ದೆ, ಇಳಿದು ಓಡಿಹೋಗಿ ಅಜ್ಜೀನ ಕರ್ಕೊಂಡ್ಬಂದು ಹತ್ತಿಸ್ಕೊಂಡೆ. ಎಲ್ಲರೂ ಬೈದ್ರು. ಬೈಸ್ಕೊಂಡೆ. ಕೂಗೋ ಕೆಲಸ ಅಂದ್ಮೇಲೆ ಇಷ್ಟು ಇದ್ದಿದ್ದೇ ಮಗಳೇ. ಇಳಿಸಿದವರನ್ನ ನಾವೇ ಹೋಗಿ ಹತ್ತಿಸ್ಕೋಬೇಕು."

ಒಂಬತ್ತನೆಯ ದಿನ ಬೆಳಿಗ್ಗೆ ದೋಣಿಮನೆಯಲ್ಲಿ ಎಲ್ಲರೂ ಇರುವಾಗಲೇ ಪೀಪಿ ಹೇಳಿದಳು. ದಡ ನಡೆಯದಿದ್ದದ್ದು, ತಪ್ಪು ಡೇರೆ ನೋಡಿದ್ದು, ತಪ್ಪನ್ನು ಹುಟ್ಟಿನ ಮೇಲೆ ಹಾಕಿದ್ದು, ಒಂದನ್ನೂ ಬಿಡಲಿಲ್ಲ. ಎರಡನೇ ಸೀಟಿನವಳು ಅಂದು ಎಲ್ಲರೂ ಹೋಗುವ ಮುಂಚೆಯೇ ಮೆಷಿನ್ನಿನ ಮೇಲೆ ಕೂತಿದ್ದಳು. ಕೇಳುತ್ತಲೇ ಎಳೆದಳು. ಐನೂರು ಮುಗಿಸಿ ಹಿಡಿಕೆ ಬಿಟ್ಟು, "ಎಷ್ಟು ಮುಂಚೆ ಕೂಗಿದ್ದೆ?" ಎಂದು ಕೇಳಿದಳು.

"ಹನ್ನೆರಡು ಎಳೆತ."

"ಹನ್ನೆರಡು," ಎಂದು ಇನ್ನೊಮ್ಮೆ ತನಗೇ ಹೇಳಿಕೊಂಡು ಕೈ ತೊಳೆಯಲು ಎದ್ದುಹೋದಳು. ಅಪ್ಪಿಕೊಳ್ಳುವುದು, ಕಣ್ಣೊರೆಸುವುದು ಯಾವುದೂ ನಡೆಯಲಿಲ್ಲ. ಎರಡು ತಿಂಗಳು ಅವಳು ಪೀಪಿಯ ಜತೆ ಮಾತೇ ಆಡಲಿಲ್ಲ.

ಮೇಷ್ಟ್ರು ಸೀಟನ್ನು ಹೊಸಬಳೊಬ್ಬಳಿಗೆ ಕೊಟ್ಟರು. ಪೀಪಿಗೆ ಉಳಿದದ್ದು ದೋಣಿ ತೊಳೆಯುವುದು, ಹುಟ್ಟು ಒರೆಸುವುದು, ದಡದಲ್ಲಿ ನಿಂತು ಗಡಿಯಾರ ಹಿಡಿಯುವುದು. ಬಿಟ್ಟುಬಿಡು ಎಂದು ಅಮ್ಮ ಹೇಳಿದರು. ಇವಳು ಬಿಡಲಿಲ್ಲ. ಏಳು ತಿಂಗಳು ಹೀಗೆ ಕಳೆದಳು. ಪ್ರತಿ ಭಾನುವಾರ ಯಾರೂ ಹೇಳದೆಯೇ ಎರಡು ಸಾವಿರ ಮೀಟರ್ ದಡವನ್ನು ನಡೆದಳು. ಅಂಗಡಿಯಲ್ಲಿ ಉಳಿದ ಹಾಳೆಗಳನ್ನು ಹೊಲಿದು ಅಂಗೈಯಷ್ಟಗಲದ ಪುಸ್ತಕ ಕಟ್ಟಿಕೊಂಡು, ಹಾಳೆಗೆ ಮೇಣ ಉಜ್ಜಿ, ಐವತ್ತು ಮೀಟರಿಗೆ ಒಂದು ಪುಟದಂತೆ ಗುರುತು ಬರೆದಳು: ಬಾಗಿದ ಕಂಬ, ಜೋಡಿ ಮರ, ಬಟ್ಟೆ ಒಗೆಯುವ ಕಲ್ಲು, ತಗಡು ಹಾರಿಹೋದ ಪಂಪ್‌ಹೌಸು. ನಲವತ್ತು ಪುಟ. ಡೇರೆ ಒಂದರಲ್ಲೂ ಇಲ್ಲ.

"ಡೇರೆ ಎದ್ದು ಹೋಗುತ್ತೆ," ಎನ್ನುತ್ತಾಳೆ. "ಪಂಪ್‌ಹೌಸು ಎಲ್ಲಿಗೆ ಹೋಗುತ್ತೆ?"

ಇವಳನ್ನು ಮತ್ತೆ ದೋಣಿಗೆ ಕರೆದವಳು ಎರಡನೇ ಸೀಟಿನವಳೇ. ನಾಲ್ವರು ಎಷ್ಟು ಕೆಟ್ಟದಾಗಿ ಎಳೆದರೂ ಹೊಸಬಳು "ಚೆನ್ನಾಗಿದೆ, ಚೆನ್ನಾಗಿದೆ" ಎನ್ನುತ್ತಿದ್ದಳು. ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅಭ್ಯಾಸ ಮುಗಿಸಿ ಎರಡನೇ ಸೀಟಿನವಳು ನೇರ ಮೇಷ್ಟ್ರ ಮುಂದೆ ಹೋಗಿ ನಿಂತಳು. "ಸರ್, ಪೀಪಿ ಸುಳ್ಳು ಹೇಳಿದ್ಲು, ನಿಜ. ತಾನೇ ಬಂದು ಒಪ್ಕೊಂಡ್ಲು, ಅದೂ ನಿಜ. ಅವಳು ಬೈತಾಳೆ ಸರ್. ನಮಗೆ ಬೈಯೋರು ಬೇಕು." ಮಾರನೆಯ ದಿನ ಮರಳಿನ ಚೀಲ ಮತ್ತೆ ದೋಣಿಗೆ ಬಂತು.

ಆದರೆ ಅವಳ ತಲೆ ಒಪ್ಪಿದ್ದನ್ನು ಕತ್ತು ಒಪ್ಪಲಿಲ್ಲ. ಕೊನೇ ಇಪ್ಪತ್ತು ಎಂದು ಕೇಳಿದೊಡನೆ ಗೆರೆ ನಿಜಕ್ಕೂ ಹತ್ತಿರ ಬಂತೇ ಎಂದು ನೋಡಲು ಅದು ತಾನಾಗಿಯೇ ಹಿಂದಕ್ಕೆ ಹೊರಳುತ್ತದೆ. "ಬೇಕಂತ ಮಾಡಲ್ಲ," ಎನ್ನುತ್ತಾಳೆ ಎರಡನೇ ಸೀಟಿನವಳು. ಹಾಗೆ ಹೊರಳಿದಾಗ ದೋಣಿ ವಾಲಿ ಅರ್ಧ ಎಳೆತ ಹಾಳಾಗುತ್ತದೆ. ಮೊಳದಲ್ಲಿ ಸೋತವರಿಗೆ ಅರ್ಧ ಎಳೆತದ ಬೆಲೆ ಚೆನ್ನಾಗಿ ಗೊತ್ತು. ತಿರುಗಬೇಡ ಎಂದು ಪೀಪಿ ಒಂದು ದಿನವೂ ಹೇಳಿಲ್ಲ. ಹೇಳುವ ಹಕ್ಕು ತನಗಿಲ್ಲ ಎಂಬುದು ಅವಳ ವಾದ. ಅದರ ಬದಲು ದಿನವೂ ಸರಿಯಾದ ಜಾಗದಲ್ಲಿ ಕೂಗುತ್ತಾಳೆ. ಅಭ್ಯಾಸದಲ್ಲಿ ಈ ವರ್ಷದ ಸ್ಪರ್ಧೆಯವರೆಗೆ ತೊಂಬತ್ತಾರು ಸಲ ಕೂಗಿದ್ದಾಳೆ, ಒಂದೆರಡು ಎಳೆತದ ಆಚೀಚೆ ಬಿಟ್ಟರೆ ತಪ್ಪಿಲ್ಲ. ತೊಂಬತ್ತಾರು ಸಲವೂ ಆ ಕತ್ತು ತಿರುಗಿದೆ.

ಹೋದ ಭಾನುವಾರ ಈ ವರ್ಷದ ಆಯ್ಕೆ ಸ್ಪರ್ಧೆ, ಅದೇ ಕೆರೆಯಲ್ಲಿ. ಶನಿವಾರ ಸಂಜೆ ಪೀಪಿ ದಡವನ್ನು ಎರಡು ಸಲ ನಡೆದಿದ್ದಾಳೆ. ಈ ಸಲ ಡೇರೆಗಳು ಮೂರಾಗಿವೆ, ಜಾಗವೂ ಬದಲಾಗಿದೆ. ಬೆಳಿಗ್ಗೆ ತೂಕದ ಮೇಜಿನ ಮುಂದೆ ಇವಳೂ ಇವಳ ಚೀಲವೂ ಸೇರಿ ಐವತ್ತೈದಕ್ಕೆ ಸರಿಯಾಗಿ ಮುಳ್ಳು ನಿಲ್ಲುತ್ತದೆ. ಅಪ್ಪ ರಜೆ ಹಾಕಿ ಬಂದು ದಡದಲ್ಲಿ ನಿಂತಿದ್ದಾರೆ, ಅಭ್ಯಾಸಬಲದಿಂದ ಪಕ್ಕದವರನ್ನೆಲ್ಲ "ಸ್ವಲ್ಪ ಮುಂದೆ ಹೋಗಿ, ಮುಂದೆ ಹೋಗಿ" ಎಂದು ಸರಿಸುತ್ತಿದ್ದಾರೆ.

ಆರು ದೋಣಿಗಳು ಹೊರಡುತ್ತವೆ. ಸಾವಿರ ಮೀಟರಿಗೆ ಇವರು ಐದನೆಯವರು. ಪೀಪಿ ಬೈಯುತ್ತಿದ್ದಾಳೆ, ದಡಕ್ಕೆಲ್ಲ ಕೇಳುತ್ತದೆ. ಸಾವಿರದೈನೂರಕ್ಕೆ ನಾಲ್ಕನೆಯವರು. ಮೂರನೆಯ ದೋಣಿ ಇವರಿಗಿಂತ ಒಂದು ಹುಟ್ಟಿನಳತೆ ಮುಂದಿದೆ. ಪಕ್ಕದ ಸಾಲಿನ ದೋಣಿಯಿಂದ "ಕೊನೇ ಇಪ್ಪತ್ತು" ಎಂಬ ಕೂಗು ಆಗಲೇ ಕೇಳಿಬರುತ್ತದೆ. ಪೀಪಿ ಕೂಗುವುದಿಲ್ಲ. ಪಂಪ್‌ಹೌಸಿನ ತಗಡಿಲ್ಲದ ಮೂಲೆ ಇನ್ನೂ ಬಂದಿಲ್ಲ. ಅಪ್ಪ ದಡದಲ್ಲಿ ಮುಷ್ಟಿ ಬಿಗಿಹಿಡಿದು, "ಕೂಗೇ, ಕೂಗೇ" ಎಂದು ಗೊಣಗುತ್ತಾರೆ. ಅವಳು ಕಾಯುತ್ತಾಳೆ. ಒಂದು ಎಳೆತ, ಎರಡು, ಮೂರು. ಮೂಲೆ ಬರುತ್ತದೆ.

"ಕೊನೇ ಇಪ್ಪತ್ತು!"

ಸೀಟಿನ ಕೆಳಗೆ ದೋಣಿ ವಾಲುವುದನ್ನು ಅವಳ ಮೈ ಕಾಯುತ್ತದೆ. ದೋಣಿ ವಾಲುವುದಿಲ್ಲ. ನಾಲ್ಕು ಮುಖಗಳೂ ಇವಳ ಕಡೆಗೇ ಇವೆ, ಹಲ್ಲು ಕಚ್ಚಿಕೊಂಡು. ಕಣ್ಣು ಮಂಜಾದರೂ ಪೀಪಿ ಚುಕ್ಕಾಣಿಯ ದಾರ ಬಿಡುವುದಿಲ್ಲ, ಎಣಿಕೆಯನ್ನೂ ಬಿಡುವುದಿಲ್ಲ.

ಮೂರನೆಯ ಸ್ಥಾನ. ಗೇಣಿನಷ್ಟು ಅಂತರ, ಆದರೂ ಮೂರನೆಯ ಸ್ಥಾನವೇ. ದೊಡ್ಡ ಪಂದ್ಯಕ್ಕೆ ಹೋಗುತ್ತಾರೆ.

ಗೆರೆ ದಾಟಿದ ದೋಣಿಯಲ್ಲಿ ನಾಲ್ವರೂ ಹುಟ್ಟಿನ ಮೇಲೆ ಕವುಚಿಕೊಂಡು ಏದುಸಿರು ಬಿಡುತ್ತಿದ್ದಾರೆ. ಎರಡನೇ ಸೀಟಿನವಳು ಮೊದಲು ತಲೆ ಎತ್ತುತ್ತಾಳೆ.

"ಇಪ್ಪತ್ತೊಂದಾಯ್ತು ಕಣೇ," ಎನ್ನುತ್ತಾಳೆ ಅವಳು, ಮುಖದ ತುಂಬ ನಗು. ಒಂದು ವರ್ಷದಿಂದ ಪೀಪಿ ಆ ಬಾಯಿಂದ 'ಕಣೇ' ಎಂಬುದನ್ನು ಕೇಳಿರಲಿಲ್ಲ.

ಈ ವಾರವೂ ಐದೂಕಾಲಿಗೆ ದೋಣಿಮನೆಯ ಬಾಗಿಲು ತೆರೆಯುತ್ತಿದೆ. ದೊಡ್ಡ ಪಂದ್ಯಕ್ಕೆ ಆರು ವಾರವಿದೆ. ಅಲ್ಲಿ ಗೆಲ್ಲುವ ಆಸೆಯಿಲ್ಲವೇ ಎಂದು ಕೇಳಿದರೆ ಪೀಪಿ ಚೀಲದಿಂದ ಒಂದು ಹಿಡಿ ಮರಳು ತೆಗೆದು ಕುಂಡಕ್ಕೆ ಸುರಿದು, ಕೈ ಕೊಡವಿಕೊಳ್ಳುತ್ತಾಳೆ.

"ಇದೆ, ಯಾಕಿಲ್ಲ? ಆದ್ರೆ ಮೊದ್ಲು ಇಪ್ಪತ್ತು ಅಂದ್ರೆ ಇಪ್ಪತ್ತೇ ಆಗ್ಬೇಕು. ಆ ಒಂದು ಎಳೆತ ಅವಳಿಗೆ ಉಳಿಸ್ಕೊಡ್ಬೇಕು ನಾನು. ಸದ್ಯಕ್ಕೆ ಅಷ್ಟೇ ಆಸೆ."